ಚಿಲಕದಕ್ಕನ ಹೆಸರಲ್ಲಿ ಯಾರೋ

ಕಚೇರಿಯಲ್ಲಿ ಎದುರಿಗೆ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಚಿಲಕದಕ್ಕ. ಅದು ಅವಳಿಗೂ ಗೊತ್ತಿತ್ತು. ಸಂಜೆ ಕಚೇರಿಗೆ ಬೀಗ ಹಾಕಿ ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಮತ್ತೆ ಮೇಲೆ ಹತ್ತಿ, ಚಿಲಕ ಹಿಡಿದು ಒಂದು ಸಲ ಜಗ್ಗಿ ನೋಡದಿದ್ದರೆ ಅವಳಿಗೆ ಮನೆಯ ದಾರಿ ಕಾಲಿಗೆ ಹತ್ತುತ್ತಿರಲಿಲ್ಲ. ಬಸ್ಸಿನಲ್ಲಿ ಚೀಲವನ್ನು ಎಳೆಗೂಸಿನ ಹಾಗೆ ಎದೆಗವಚಿಕೊಂಡು ಕೂರುವವಳು. ಯಾರಾದರೂ ನಕ್ಕು "ಚೆನ್ನಾಗಿದ್ದೀರಾ?" ಅಂದರೆ, ಇವರಿಗೆ ನನ್ನಿಂದ ಏನೋ ಕೆಲಸ ಆಗಬೇಕಾಗಿದೆ ಅಂತ ಲೆಕ್ಕ ಹಾಕುವವಳು. ಅವಳ ಗಂಡ ಸಿಟಿ ಬಸ್ಸಿನ ಡ್ರೈವರು, ಬಾಯಿ ತುಂಬ ಮಾತಿನವನು. "ನಿನ್ನ ಮುಂದೆ ದೇವರೇ ಬಂದು ನಿಂತ್ರೂ ಮೊದ್ಲು ಗುರುತಿನ ಚೀಟಿ ತೋರ್ಸಪ್ಪಾ ಅಂತೀಯ" ಅಂತ ನಗುತ್ತಿದ್ದ. ಅವಳು ನಗುತ್ತಿರಲಿಲ್ಲ. ತೋರಿಸಿದರೆ ದೇವರಿಗೇನು ನಷ್ಟ ಅನ್ನುವುದು ಅವಳ ಪ್ರಶ್ನೆ.

ಅವಳು ಕೆಲಸ ಮಾಡುತ್ತಿದ್ದುದು ಕಟ್ಟಡಗಳಿಗೆ ನಕ್ಷೆ ಹಾಕಿಕೊಡುವ ಒಂದು ಕಚೇರಿಯಲ್ಲಿ. ಕೆಳಗೆ ಔಷಧಿ ಅಂಗಡಿ, ಮೇಲೆ ಇವರು. ನಕ್ಷೆಗಳನ್ನು ಕಾಪಾಡುವುದು ಅವಳ ಕೆಲಸ. ಸೇರಿದ ಹೊಸತರಲ್ಲಿ ನಕ್ಷೆಗಳೆಲ್ಲ ದೊಡ್ಡ ಹಾಳೆಗಳಲ್ಲಿದ್ದವು. ಸುರುಳಿ ಸುತ್ತಿ ತಗಡಿನ ಕೊಳವೆಗಳಲ್ಲಿಟ್ಟು, ಒಂದು ಕಿರುಕೋಣೆಯಲ್ಲಿ ಸಾಲಾಗಿ ನಿಲ್ಲಿಸಿದ್ದಳು. ಆ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲಿ. ಅವಳನ್ನು ಕೇಳದೆ ಒಂದು ಗೆರೆಯೂ ಹೊರಗೆ ಹೋಗುವಂತಿರಲಿಲ್ಲ. ಅವು ಅವಳ ಜೀವನದ ಸುಖದ ದಿನಗಳು.

ಆಮೇಲೆ ಕಂಪ್ಯೂಟರುಗಳು ಬಂದವು, ಸುಖ ಹೋಯಿತು. ನಕ್ಷೆಗಳು ಕೊಳವೆಯಿಂದ ಹಾರಿ ಯಾರ್ಯಾರದೋ ಮೇಜಿನ ಮೇಲಿನ ಪೆಟ್ಟಿಗೆಗಳಲ್ಲಿ ಕೂತವು. ಎಲ್ಲ ಕಂಪ್ಯೂಟರಿಗೂ ಒಂದೇ ಪಾಸ್‌ವರ್ಡ್, ಯಜಮಾನರ ಕಾರಿನ ನಂಬರು. ಕಾರು ಇಡೀ ದಿನ ಬಾಗಿಲ ಮುಂದೆಯೇ ನಿಂತಿರುತ್ತಿತ್ತು. ಒಂದೇ ಮನೆಯ ನಕ್ಷೆ ಒಬ್ಬನ ಹತ್ತಿರ 'ಫೈನಲ್', ಇನ್ನೊಬ್ಬನ ಹತ್ತಿರ 'ಹೊಸ ಫೈನಲ್', ಮತ್ತೊಬ್ಬನ ಹತ್ತಿರ 'ಇದೇ ಫೈನಲ್'. ಪೆನ್ ಡ್ರೈವುಗಳು ಮೇಜಿನಿಂದ ಮೇಜಿಗೆ, ಜೇಬಿನಿಂದ ಜೇಬಿಗೆ ಓಡಾಡುತ್ತಿದ್ದವು. ಯಾರು ಏನನ್ನು ಎಲ್ಲಿಗೆ ಒಯ್ಯುತ್ತಿದ್ದಾರೋ, ಯಾರು ಯಾವ ಗೆರೆಯನ್ನು ಅಳಿಸುತ್ತಿದ್ದಾರೋ, ಅವಳಿಗೆ ತಲೆಬುಡ ತಿಳಿಯದಾಯಿತು. ತಿಳಿಯದ ಜಾಗವನ್ನೆಲ್ಲ ಅನುಮಾನ ತುಂಬಿಕೊಂಡಿತು.

ಹೆಚ್ಚಿನ ಅನುಮಾನ ಗೆರೆರಾಯನ ಮೇಲೆ. ಕಚೇರಿಯ ಮುಖ್ಯ ನಕ್ಷೆಗಾರ ಅವನು. ಕೈ ನಡುಗದೆ ಉದ್ದನೆಯ ಗೆರೆ ಎಳೆಯುತ್ತಿದ್ದ ಕಾಲದಲ್ಲಿ ಬಿದ್ದ ಹೆಸರು ಕಂಪ್ಯೂಟರು ಬಂದ ಮೇಲೂ ಉಳಿದಿತ್ತು. ಅವನ ಮೇಲೆ ಅನುಮಾನಪಡಲು ಅವಳಿಗಿದ್ದ ಕಾರಣ ಒಂದೇ: ಅವನು ಬೆಳಿಗ್ಗೆ ಬರುವಾಗಲೇ ಸಿಳ್ಳೆ ಹಾಕಿಕೊಂಡು ಬರುತ್ತಿದ್ದ. ಕೆಲಸಕ್ಕೆ ಬರುವ ಮನುಷ್ಯ ಇಷ್ಟೊಂದು ಖುಷಿಯಾಗಿರಬೇಕಾದರೆ ಒಳಗೆ ಏನೋ ಇರಲೇಬೇಕು ಅನ್ನುವುದು ಅವಳ ವಾದ.

ಒಂದು ಮನೆಯ ನಕ್ಷೆ ಅದಲುಬದಲಾಗಿ, ಅಡುಗೆಮನೆ ಬರಬೇಕಾದ ಕಡೆ ಕಾರು ನಿಲ್ಲಿಸುವ ಜಾಗದ ಅಳತೆ ಹೋಗಿ, ಮನೆಯವರು ಬಂದು ಕೂಗಾಡಿದ ಮೇಲೆ ಯಜಮಾನರು ಎಲ್ಲರನ್ನೂ ಕರೆದರು. "ಇನ್ನು ಈ ರಗಳೆ ಸಾಕು. ಎಲ್ಲಾ ನಕ್ಷೆ ಒಂದೇ ಕಡೆ ಇರ್ಬೇಕು. ಸರ್ವರ್ ಹಾಕಿಸ್ತೀನಿ."

"ಹೋಟ್ಲಿನ ಸರ್ವರಾ?" ಅಂತ ಗೆರೆರಾಯ ಮೆಲ್ಲಗೆ ಅಂದ. "ಹಾಗಾದ್ರೆ ಟೀ ಕುಡಿಯೋಕೆ ಕೆಳಗಿಳಿಯೋದು ತಪ್ತು."

ಎಲ್ಲರೂ ನಕ್ಕರು. ಚಿಲಕದಕ್ಕ ಮಾತ್ರ, ಇವನು ಈ ಮಾತನ್ನು ತಮಾಷೆಯಲ್ಲಿ ತೇಲಿಸಿಬಿಡಲು ಯಾಕೆ ನೋಡುತ್ತಿದ್ದಾನೆ ಅಂತ ಅವನ ಮುಖವನ್ನೇ ನೋಡಿದಳು.

ಸರ್ವರ್ ಹಾಕಲು ಬಂದವನು ನಡುವಯಸ್ಸಿನ ಬೋಳುತಲೆಯವನು. ಏನು ಹೇಳಿದರೂ ಕೊನೆಗೆ "ಅರ್ಥ ಆಯ್ತಾ?" ಅಂತ ಕೇಳುವ ಚಾಳಿ ಇತ್ತು, ಹಾಗಾಗಿ ಮಧ್ಯಾಹ್ನದೊಳಗೆ ಎಲ್ಲರೂ ಅವನನ್ನು ಮೇಷ್ಟ್ರು ಅನ್ನತೊಡಗಿದರು. ಒಂದು ಕರಿಯ ಪೆಟ್ಟಿಗೆ ತಂದು ಅವಳ ಕೊಳವೆಗಳ ಕೋಣೆಯಲ್ಲೇ ಇಟ್ಟ. ಗೋಡೆಯುದ್ದಕ್ಕೂ ಕೇಬಲ್ ಎಳೆದ. ಅವನು ಕುರ್ಚಿ ಹತ್ತಿದರೆ ಚಿಲಕದಕ್ಕ ಕುರ್ಚಿ ಹಿಡಿದುಕೊಂಡಳು, ಮೇಜಿನ ಕೆಳಗೆ ತೂರಿದರೆ ಬಗ್ಗಿ ನೋಡಿದಳು. ಸಹಾಯ ಮಾಡುತ್ತಿದ್ದಾಳೆ ಅಂದುಕೊಂಡು ಅವನು ಎರಡು ಸಲ ಥ್ಯಾಂಕ್ಸ್ ಹೇಳಿದ.

"ನೋಡಿ ಅಕ್ಕಾ" ಅಂತ ಮೇಷ್ಟ್ರು ವಿವರಿಸಿದ. "ಇಷ್ಟು ದಿನ ಒಂದೊಂದು ಕಂಪ್ಯೂಟರಿಗೆ ಒಂದೊಂದು ಬಾಗಿಲು, ಎಲ್ಲಕ್ಕೂ ಒಂದೇ ಬೀಗದಕೈ, ಅದೂ ಊರಿಗೆಲ್ಲ ಗೊತ್ತು. ಇನ್ಮೇಲೆ ಹಾಗಲ್ಲ. ಯಾರು ಯಾವ ಕಂಪ್ಯೂಟರಲ್ಲಿ ಕೂತ್ರೂ ತಮ್ಮ ಹೆಸರು, ತಮ್ಮ ಪಾಸ್‌ವರ್ಡ್ ಹಾಕ್ಬೇಕು. ಆ ಕಂಪ್ಯೂಟರು ತಾನಾಗೇ ಒಳಗೆ ಬಿಡಲ್ಲ. ಈ ಸರ್ವರನ್ನ ಕೇಳುತ್ತೆ, 'ಇವರು ಇವರೇನಾ?' ಅಂತ. ಇದು ಹೂಂ ಅಂದ್ರೆ ಬಾಗಿಲು ತೆರೆಯುತ್ತೆ. ಯಾವ ಫೈಲನ್ನ ಯಾರು ಮುಟ್ಟಿದ್ರು ಅನ್ನೋದೂ ಇದಕ್ಕೆ ಗೊತ್ತಿರುತ್ತೆ. ಅರ್ಥ ಆಯ್ತಾ?"

ಅರ್ಥವಾಗಿತ್ತು. ಅವಳ ಸ್ವಭಾವಕ್ಕೆ ಇಷ್ಟು ಹೊಂದುವ ಯಂತ್ರವೊಂದು ಜಗತ್ತಿನಲ್ಲಿದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಯಾವ ಫೋಲ್ಡರು ಯಾರಿಗೆ ಅನ್ನುವುದನ್ನು ಅವಳ ಜೊತೆ ಕೂತು ತೀರ್ಮಾನಿಸಿ ಅಂತ ಯಜಮಾನರು ಹೇಳಿದ್ದರು. ಮೇಷ್ಟ್ರು ಪರದೆಯ ಮುಂದೆ ಕೂತು ಕೇಳಿದ, "ಕಟ್ಟಡದ ನಕ್ಷೆಗಳು. ಯಾರಿಗೆ ಬರೀ ನೋಡೋಕೆ, ಯಾರಿಗೆ ತಿದ್ದೋಕೆ?"

"ಯಾರಿಗೂ ಬೇಡ."

"ಹಾಗಂದ್ರೆ ನಕ್ಷೆ ಹಾಕೋರು ಯಾರಕ್ಕಾ?"

"ಹಾಕ್ಲಿ. ಹಾಕಿದ್ಮೇಲೆ ಮುಟ್ಟೋದು ಬೇಡ."

ಮೇಷ್ಟ್ರು ಬೋಳುತಲೆ ಸವರಿಕೊಂಡ. ಎಳೆದಾಡಿ, ಕೊನೆಗೆ ನಕ್ಷೆಗಾರರಿಗೂ ಅವಳಿಗೂ ತಿದ್ದುವ ಹಕ್ಕು, ಉಳಿದವರಿಗೆ ನೋಡುವ ಹಕ್ಕು ಅಂತಾಯಿತು. ಎಲ್ಲ ಮುಗಿದು ಅವನು ಚೀಲ ಕಟ್ಟುವ ಹೊತ್ತಿಗೆ ಅವಳು ಬೆಳಿಗ್ಗೆಯಿಂದ ಬಾಯಲ್ಲಿಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು.

"ಮೇಷ್ಟ್ರೇ, ಎಲ್ಲರ ಬಾಗಿಲು ಕಾಯೋದು ಇದು. ಸರಿ. ಇದರ ಬಾಗಿಲ ಕೀಲಿ ಯಾರ ಹತ್ರ ಇರುತ್ತೆ?"

"ಅಡ್ಮಿನ್ ಪಾಸ್‌ವರ್ಡಾ? ಯಜಮಾನರಿಗೆ ಕೊಟ್ಟಿದ್ದೀನಿ. ಏನಾದ್ರೂ ಕೆಟ್ರೆ ನೋಡೋಕೆ ಅಂತ ನನ್ನ ಹತ್ರಾನೂ ಒಂದು ಇರುತ್ತೆ."

"ಅಂದ್ರೆ ನೀವು ಮನೇಲಿ ಕೂತೇ ಒಳಗೆ ಬರಬಹುದು."

"ಬರಬಹುದು. ಬರಲ್ಲ."

ಬರಬಹುದು, ಬರಲ್ಲ. ಆ ಎರಡು ಮಾತಿನ ನಡುವೆ ಎಷ್ಟು ಜಾಗ ಇದೆ ಅಂತ ಅವಳು ಬಸ್ಸಿನಲ್ಲಿ ಮನೆಯವರೆಗೂ ಯೋಚಿಸಿದಳು.

ಆ ಯೋಚನೆಯೇ ಅವಳಿಂದ ಒಂದು ಕೆಲಸ ಮಾಡಿಸಿತು. ನಕ್ಷೆಗಳ ಪ್ರತಿಯನ್ನು ಯಾರೂ ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಾರದು ಅಂತ ಯಜಮಾನರು ಖಡಾಖಂಡಿತವಾಗಿ ಹೇಳಿದ್ದರು. ಚಿಲಕದಕ್ಕ ಇಟ್ಟುಕೊಂಡಳು. ಬಸ್ ನಿಲ್ದಾಣದ ಪಕ್ಕದ ಕಂಪ್ಯೂಟರ್ ಅಂಗಡಿಯವನನ್ನು ವಿಚಾರಿಸಿದ್ದಕ್ಕೆ, ಅವನು ಬೆಳಿಗ್ಗೆ ಯಾರೂ ಬರುವ ಮೊದಲೇ ಕಚೇರಿಗೆ ಬಂದು, ಎರಡು ಫೋಲ್ಡರುಗಳನ್ನು ಒಂದೇ ಸಮ ಇಡುವ ಪುಟ್ಟ ಪ್ರೋಗ್ರಾಮೊಂದನ್ನು ಹಾಕಿಕೊಟ್ಟ. ಎಡಕ್ಕೆ ಒಂದು ಬಾಣ, ಬಲಕ್ಕೆ ಒಂದು ಬಾಣ, ಎರಡೂ ಕಡೆಗೆ ಒಂದು ಬಾಣ. "ಎರಡೂ ಕಡೇದು ಒತ್ತಿಬಿಡಿ ಮೇಡಂ, ಯಾವುದು ಹೊಸದೋ ಅದು ಎರಡೂ ಕಡೆ ಬಂದ್ಬಿಡುತ್ತೆ, ತಲೆನೋವಿಲ್ಲ" ಅಂದ. ಬೆಳಿಗ್ಗೆ ಅವಳು ಕಂಪ್ಯೂಟರ್ ಹಚ್ಚಿದ ಕೂಡಲೇ ಅದು ತಾನಾಗಿ ಓಡುವ ಹಾಗೆ ಮಾಡಿಕೊಟ್ಟ. ಅವಳ ಹಳೆಯ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಇಡೀ ಕಚೇರಿಯ ನಕ್ಷೆಗಳು ಸದ್ದಿಲ್ಲದೆ ಬಂದು ಕೂತವು. ಸಂಜೆ ಎಲ್ಲರೂ ಹೊರಟ ಮೇಲೆ ಗೆರೆರಾಯ ಅವತ್ತು ಪ್ರಿಂಟ್ ತೆಗೆದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು, ತನ್ನ ಗುಟ್ಟಿನ ಪ್ರತಿಯನ್ನು ತೆರೆದು, ಅವನು ಎಲ್ಲೆಲ್ಲಿ ಕೈಯಾಡಿಸಿದ್ದಾನೆ ಅಂತ ಹೋಲಿಸಿ ನೋಡಿ, ಮುಚ್ಚಿ, ಬೀಗ ಹಾಕಿ, ಚಿಲಕ ಜಗ್ಗಿ ಮನೆಗೆ ಹೋಗುತ್ತಿದ್ದಳು. ಬಹಳ ವರ್ಷಗಳ ಮೇಲೆ ಅವಳಿಗೆ ಕಣ್ತುಂಬ ನಿದ್ದೆ ಬಂತು. "ಏನೇ, ಸರ್ವರ್ ಬಂದಾಗಿಂದ ಗೊರಕೆ ಹೊಡೀತೀಯ" ಅಂದ ಗಂಡ.

ಹೀಗಿರುವಾಗ ಒಂದು ದಿನ ಮೇಸ್ತ್ರಿ ಕಚೇರಿಗೆ ನುಗ್ಗಿದ. ಮಕ್ಕಳ ಆಸ್ಪತ್ರೆಯೊಂದರ ಕೆಲಸ ಮಾಡಿಸುತ್ತಿದ್ದವನು. ಚಪ್ಪಲಿಯ ಸಿಮೆಂಟು ನೆಲದ ಮೇಲೆಲ್ಲ ಉದುರುತ್ತಿತ್ತು.

"ಮೆಟ್ಟಿಲಿಗೆ ಸೆಂಟ್ರಿಂಗ್ ಹಲಗೆ ಕಟ್ಟಿ ಆಯ್ತು. ಆಮೇಲೆ ನಾನೇ ನಿಂತು ನೋಡ್ತೀನಿ, ಮೆಟ್ಟಿಲು ಹತ್ತಿದೋನ ತಲೆ ಸೀದಾ ತೊಲೆಗೆ ಬಡಿಯುತ್ತೆ! ಯಾವನ್ರೀ ಈ ನಕ್ಷೆ ಹಾಕಿದ್ದು? ಕುಳ್ಳರಿಗೆ ಮಾತ್ರ ಆಸ್ಪತ್ರೆನಾ?"

ಗೆರೆರಾಯ ಎದ್ದು ನಿಂತ. "ನಾನು ಆ ಮೆಟ್ಟಿಲನ್ನ ಪಕ್ಕಕ್ಕೆ ಸರಿಸಿದ್ದೀನಲ್ಲ! ತಪ್ಪು ಕಂಡ ದಿನವೇ ತಿದ್ದಿದ್ದೀನಿ."

ಮೇಸ್ತ್ರಿ ಹಾಳೆ ಬಿಚ್ಚಿದ. ಸರ್ವರಿನಿಂದಲೇ ಪ್ರಿಂಟ್ ತೆಗೆದು ಕೊಟ್ಟಿದ್ದು. ಮೆಟ್ಟಿಲು ಹಳೆಯ ಜಾಗದಲ್ಲೇ ಇತ್ತು. ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಅಲ್ಲೂ ಹಾಗೇ ಇತ್ತು. ಗೆರೆರಾಯನ ಮುಖ ಬಿಳುಚಿತು. ಯಜಮಾನರು ಎಲ್ಲರ ಎದುರಿಗೇ ಅವನಿಗೆ ಬಾಯಿಗೆ ಬಂದ ಹಾಗೆ ಬೈದರು. ತಿದ್ದಿದ್ದೀನಿ ಸಾರ್, ನನ್ನ ಮಾತು ನಂಬಿ ಅಂತ ಅವನು ಅಂದಷ್ಟೂ ಅವರ ಕೋಪ ಏರಿತು.

ಅವನು ಹೊರಗೆ ಹೋದ ಮೇಲೆ ಚಿಲಕದಕ್ಕ ಯಜಮಾನರ ಕೋಣೆಗೆ ಹೋದಳು. "ಹೇಳ್ಬಾರ್ದು ಅಂತಿದ್ದೆ ಸಾರ್. ನನಗೆ ಅವನ ಮೇಲೆ ಮೊದಲಿಂದಲೂ ಒಂದು ಅನುಮಾನ. ಬೇಕಾದ್ರೆ ಆ ಮೇಷ್ಟ್ರನ್ನ ಕರೆಸಿ. ಯಾರು ಕೊನೆಗೆ ಮುಟ್ಟಿದ್ದು ಅಂತ ಸರ್ವರಿಗೆ ಗೊತ್ತಿರುತ್ತಂತಲ್ಲ."

ಮೇಷ್ಟ್ರು ಮಾರನೆಯ ದಿನ ಬಂದ. ಎಲ್ಲರೂ ಅವನ ಕುರ್ಚಿಯ ಸುತ್ತ ನಿಂತರು. ಅವನು ಅದೂ ಇದೂ ಒತ್ತಿ, ಕನ್ನಡಕ ಮೇಲೇರಿಸಿ ನೋಡಿದ. ಇನ್ನೊಮ್ಮೆ ನೋಡಿದ. ಈ ಸಲ "ಅರ್ಥ ಆಯ್ತಾ" ಅನ್ನಲಿಲ್ಲ.

"ಗೆರೆರಾಯರು ತಿದ್ದಿರೋದು ನಿಜ ಸಾರ್. ಮಾರನೇ ದಿನ ಬೆಳಿಗ್ಗೆ ಅದರ ಮೇಲೆ ಹಳೇ ನಕ್ಷೆ ಬಂದು ಕೂತಿದೆ. ಕೂರಿಸಿರೋ ಹೆಸರು..." ಅವನು ತಿರುಗಿ ನೋಡಿದ. "ಅಕ್ಕನದು."

ಎಲ್ಲರೂ ಚಿಲಕದಕ್ಕನ ಕಡೆ ತಿರುಗಿದರು. ತನ್ನ ಕಣ್ಣಿನಿಂದ ಜನರನ್ನು ನೋಡಿ ಅಭ್ಯಾಸವಾದವಳಿಗೆ ಅಷ್ಟೂ ಜನರ ಕಣ್ಣು ತನ್ನನ್ನು ಹಾಗೆ ನೋಡುವುದನ್ನು ತಡೆದುಕೊಳ್ಳಲಾಗಲಿಲ್ಲ.

"ನಾನಲ್ಲ" ಅಂದಳು. "ನಾನ್ಯಾಕೆ ಮುಟ್ಲಿ? ಸರ್ವರಲ್ಲಿ ನನ್ನ ಹೆಸರು ಹುಟ್ಟಿಸಿದ್ದು ಈ ಮೇಷ್ಟ್ರೇ. ಕೀಲಿ ಇವರ ಹತ್ರ ಇದೆ. ಮನೇಲಿ ಕೂತು ಬರಬಹುದು ಅಂತ ಇವರೇ ಒಪ್ಕೊಂಡಿದ್ದಾರೆ."

ಮೇಷ್ಟ್ರಿಗೆ ಸಿಟ್ಟು ಬಂತು, ಆದರೂ ತಗ್ಗಿದ ದನಿಯಲ್ಲೇ ಹೇಳಿದ. "ಅಕ್ಕಾ, ನಿಮ್ಮ ಪಾಸ್‌ವರ್ಡನ್ನ ಮೊದಲನೇ ದಿನವೇ ನೀವು ಬದಲಾಯಿಸ್ಕೊಂಡ್ರಿ. ಅದು ಏನು ಅಂತ ನಂಗೂ ನೋಡೋಕಾಗಲ್ಲ. ನಾನು ಬಲವಂತವಾಗಿ ಬದಲಾಯಿಸಬಹುದು ಅಷ್ಟೆ. ಹಾಗೆ ಮಾಡಿದ್ರೆ ನಿಮ್ಮ ಹಳೇ ಪಾಸ್‌ವರ್ಡಿಗೆ ಬಾಗಿಲೇ ತೆರೀತಿರಲಿಲ್ಲ. ಇವತ್ತು ಬೆಳಿಗ್ಗೆ ತೆರೀತಾ?"

ತೆರೆದಿತ್ತು.

"ಮತ್ತೆ, ಇದು ಮಾಡಿರೋದು ನಿಮ್ಮ ಮೇಜಿನ ಕಂಪ್ಯೂಟರಿಂದಲೇ. ಕಚೇರಿ ಬಾಗಿಲು ತೆಗೆದ ಹೊತ್ತಲ್ಲೇ."

ಬೆಳಿಗ್ಗೆ ಬಾಗಿಲು ತೆಗೆಯುವವಳು ಅವಳೇ. ಆ ಹೊತ್ತಿಗೆ ಕಚೇರಿಯಲ್ಲಿ ಬೇರೆ ನರಪಿಳ್ಳೆ ಇರುವುದಿಲ್ಲ. ಅದೂ ಎಲ್ಲರಿಗೂ ಗೊತ್ತು.

ಅವಳು ಆವತ್ತೇ ಪಾಸ್‌ವರ್ಡ್ ಬದಲಾಯಿಸಿದಳು. ಯಾರಿಗೂ ಹೊಳೆಯದಿರಲಿ ಅಂತ ಅಜ್ಜಿಮನೆಯ ಎಮ್ಮೆಯ ಹೆಸರನ್ನು ತಿರುಗಾಮುರುಗಾ ಬರೆದಳು. ಆ ವಾರವೇ ಇನ್ನೊಂದು ನಕ್ಷೆಯಲ್ಲಿ ಗೆರೆರಾಯ ಸರಿಪಡಿಸಿದ್ದ ಕಿಟಕಿ ಹಳೆಯ ಗೋಡೆಗೆ ವಾಪಸು ಹೋಗಿ ಕೂತಿತು. ಮತ್ತೆ ಅವಳದೇ ಹೆಸರು, ಅದೇ ಬೆಳಗಿನ ಹೊತ್ತು.

ಯಾರೋ ತನ್ನ ಬೆರಳುಗಳನ್ನು ನೋಡಿ ಪಾಸ್‌ವರ್ಡ್ ಕದ್ದಿರಬೇಕು. ಅವಳು ಕೀಲಿಮಣೆಯ ಮೇಲೆ ಸೆರಗು ಹೊದಿಸಿ ಟೈಪು ಮಾಡಿದಳು. ತಾನು ಬರುವ ಮೊದಲೇ ಯಾರೋ ಬಂದು ಹೋಗುತ್ತಿರಬೇಕು. ಬಾಗಿಲ ಸಂದಿಗೆ ಕಾಗದದ ಚೂರು ಸಿಕ್ಕಿಸಿ ಹೋದಳು. ಬೆಳಿಗ್ಗೆ ಅದು ಇದ್ದಲ್ಲೇ ಇತ್ತು. ಅನುಮಾನಕ್ಕೆ ಮನುಷ್ಯರು ಸಾಲದೆ ಕೊನೆಗೆ ಗಂಡನ ಕಡೆ ತಿರುಗಿದಳು.

"ನಾನು ನಿದ್ದೇಲಿ ಏನಾದ್ರೂ ಮಾತಾಡ್ತೀನಾ?"

"ಮಾತಾಡ್ತೀಯ. ಯಾರದು, ಯಾರದು ಅಂತ ಕೇಳ್ತಿರ್ತೀಯ."

"ನನ್ನ ಪಾಸ್‌ವರ್ಡ್ ಏನಾದ್ರೂ ನಿಮ್ಮ ಕಿವಿಗೆ ಬಿತ್ತಾ?"

ಅವನು ಊಟದ ತಟ್ಟೆಯಿಂದ ತಲೆ ಎತ್ತಿದ. ಯಾವಾಗಲೂ ನಗುವವನು ಆವತ್ತು ನಗಲಿಲ್ಲ. "ಇಷ್ಟು ವರ್ಷ ಊರವರನ್ನೆಲ್ಲ ಅನುಮಾನಿಸಿದೆ. ನಾನೊಬ್ಬ ಹೊರಗೆ ಉಳಿದಿದ್ದೆ. ಈಗ ನಾನೂ ಒಳಗೆ ಬಂದೆ ಅನ್ನು" ಅಂದು ಎದ್ದು ಕೈ ತೊಳೆಯಲು ಹೋದ.

ಯಜಮಾನರು ಅವಳನ್ನು ಕೂರಿಸಿ, "ನೋಡಮ್ಮ, ಸ್ವಲ್ಪ ದಿನ ಮನೇಲಿರು. ಸುಧಾರಿಸ್ಕೊಂಡು ಬಾ" ಅಂದರು. ಬೈದಿದ್ದರೆ ವಾಸಿಯಿತ್ತು. ರೋಗಿಯ ಜೊತೆ ಮಾತಾಡುವ ದನಿ ಅದು. ಅವಳು ಬೀಗದ ಕೈಯನ್ನು ಅವರ ಮೇಜಿನ ಮೇಲಿಟ್ಟು ಬಂದಳು. ಚಿಲಕ ಜಗ್ಗದೆ ಬಂದ ಮೊದಲ ದಿನ ಅದು.

ಮನೆಯಲ್ಲಿದ್ದಷ್ಟು ದಿನವೂ ಕಚೇರಿಯಲ್ಲಿ ಒಂದು ನಕ್ಷೆಯೂ ಕೆಡಲಿಲ್ಲ. ಲೆಕ್ಕ ನೋಡುವ ಹೆಂಗಸಿಗೆ ಫೋನು ಮಾಡಿ ಅವಳೇ ವಿಚಾರಿಸಿಕೊಂಡಳು. "ಎಲ್ಲಾ ಸರಿಯಾಗಿದೆ ಅಕ್ಕಾ" ಅಂತ ಆಕೆ ಸಮಾಧಾನಕ್ಕೆ ಹೇಳಿದ್ದು ಇವಳ ಹೊಟ್ಟೆಗೆ ಬೆಂಕಿ ಇಟ್ಟಿತು. ತಾನಿದ್ದರೆ ಕೆಡುತ್ತದೆ, ತಾನಿಲ್ಲದಿದ್ದರೆ ಸರಿ ಇರುತ್ತದೆ. ಹಾಗಾದರೆ?

ತಾನೇ ಮಾಡಿ ತಾನೇ ಮರೆಯುತ್ತಿದ್ದೇನೆಯೇ? ಅವಳ ದೊಡ್ಡಮ್ಮ ಕೊನೆಗಾಲದಲ್ಲಿ ಹಾಲು ಒಲೆಯ ಮೇಲಿಟ್ಟು, ಯಾರು ಇಟ್ಟಿದ್ದು ಅಂತ ಸೊಸೆಯರನ್ನು ಬೈಯುತ್ತಿದ್ದಳು. ಚಿಲಕದಕ್ಕ ಹಾಸಿಗೆಯ ತುದಿಯಲ್ಲಿ ಕೂತು ತನ್ನ ಎರಡೂ ಅಂಗೈ ನೋಡಿಕೊಂಡಳು. ಬೇರೆಯವರನ್ನು ಅನುಮಾನಿಸುವಾಗ ಒಂದು ಅನುಕೂಲವಿರುತ್ತದೆ, ಸಂಜೆ ಅವರನ್ನು ಬಿಟ್ಟು ಮನೆಗೆ ಬಂದುಬಿಡಬಹುದು. ಈಗ ಎಲ್ಲಿಗೆ ಹೋಗುವುದು? ಗ್ಯಾಸ್ ಆರಿಸಿದೆನೇ ಅಂತ ನೋಡಲು ಹೋಗುತ್ತಿದ್ದಳು, ನೋಡಿ ಬಂದೆನೇ ಅಂತ ನೋಡಲು ಮತ್ತೆ ಹೋಗುತ್ತಿದ್ದಳು.

ಕೊನೆಗೆ ಅವಳಿಗೆ ಒಂದು ಮಾತು ಖಾತ್ರಿಯಾಯಿತು: ತನ್ನನ್ನು ತಾನೇ ಕಾಯಲಾಗುವುದಿಲ್ಲ, ಇನ್ನೊಬ್ಬರ ಕಣ್ಣು ಬೇಕು. ಯಾರ ಕಣ್ಣು? ಗಂಡನಿಗೆ ನಕ್ಷೆ ತಿಳಿಯದು. ಮೇಷ್ಟ್ರು ಮುನಿಸಿಕೊಂಡಿದ್ದಾನೆ. ತನ್ನ ತಪ್ಪನ್ನು ತಪ್ಪದೆ ಹಿಡಿಯುವವನು ಬೇಕು, ತನ್ನ ಮೇಲೆ ಎಳ್ಳಷ್ಟೂ ಕರುಣೆ ಇಲ್ಲದವನು. ಅಂಥವನು ಒಬ್ಬನೇ ಇದ್ದ.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಗೆರೆರಾಯನಿಗಾಗಿ ಕಾದು ನಿಂತಳು. ಅವನು ಸಿಳ್ಳೆ ಹಾಕುತ್ತಿರಲಿಲ್ಲ. ಮೆಟ್ಟಿಲಿನ ಗಲಾಟೆ ಆದಾಗಿನಿಂದ ಹಾಕಿರಲಿಲ್ಲ.

"ನಿನ್ನ ಹತ್ರ ಒಂದು ಮಾತಿತ್ತಪ್ಪ."

"ಹೇಳಿ" ಅಂದ, ಮುಖ ಸಿಂಡರಿಸಿಕೊಂಡೇ.

"ಇವತ್ತು ನಾನು ಕೆಲಸಕ್ಕೆ ಬರ್ತಿದ್ದೀನಿ. ಯಜಮಾನರು ಬರೋ ಮೊದ್ಲು ನೀನು ನನ್ನ ಜೊತೆ ಬಾ. ನಾನು ಏನು ಮಾಡ್ತೀನಿ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡು. ನಾನೇ ಕೆಡಿಸ್ತಿದ್ರೆ ಹಿಡಿ."

"ಇದರಲ್ಲೇನಾದ್ರೂ ಮಸಲತ್ತಿದೆಯಾ ಅಕ್ಕಾ?"

ಆ ಪ್ರಶ್ನೆಯನ್ನು ಅವಳು ಜೀವಮಾನದಲ್ಲಿ ಎಷ್ಟು ಜನರನ್ನು ಕೇಳಿದ್ದಳೋ. "ಇದ್ರೆ ಅದೂ ಗೊತ್ತಾಗುತ್ತೆ, ಬಾ" ಅಂದಳು.

ಬೀಗದ ಕೈ ಈಗ ಅವನ ಹತ್ತಿರ ಇತ್ತು. ಅವನು ತೆಗೆದ, ಅವಳು ಹಿಂದೆ ಹೋದಳು. ಅವಳು ರಜೆಗೆ ಹೋಗುವ ಮೊದಲು ಕೊನೆಯ ಸಂಜೆ ನೋಡಿದ್ದು ಒಂದು ಅಂಗಡಿಯ ನಕ್ಷೆ. ಆವತ್ತು ಮಧ್ಯಾಹ್ನ ಗೆರೆರಾಯ ಅದರ ಶಟರ್ ಬಾಗಿಲನ್ನು ತಿದ್ದಿದ್ದ. ಆಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅವನು ತನ್ನ ಮೇಜಿನಲ್ಲಿ ಸರ್ವರಿನ ಆ ಫೋಲ್ಡರ್ ತೆರೆದು, ಕುರ್ಚಿಯನ್ನು ಓರೆಯಾಗಿ ತಿರುಗಿಸಿ, ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಅವಳ ಮೇಲೆ ಇಟ್ಟು ಕೂತ. ಅವಳು ಕಂಪ್ಯೂಟರ್ ಹಚ್ಚಿ, ಹೆಸರು ಕೊಟ್ಟು, ಪಾಸ್‌ವರ್ಡ್ ಕೊಟ್ಟು, ಅವನಿಗೆ ಕಾಣಲಿ ಅಂತ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ.

"ಬದಲಾಯ್ತು!" ಅಂತ ಅವನು ಕೂಗಿದ. "ಈಗ, ನನ್ನ ಕಣ್ಣ ಮುಂದೆ! ಅಂಗಡಿ ನಕ್ಷೆ. ನಿಮ್ಮ ಹೆಸರು!"

"ನನ್ನ ಕೈ ನೋಡು" ಅಂದಳು ಅವಳು. "ನನ್ನ ಕೈ ಇಲ್ಲೇ ಇದೆ."

ಅವನು ಎದ್ದು ಓಡಿ ಬಂದ. ಅವಳ ಪರದೆಯ ಮೂಲೆಯಲ್ಲಿ ಪುಟ್ಟ ಗುರುತೊಂದು ಮಿನುಗಿ ಆರುತ್ತಿತ್ತು, ಎರಡೂ ಕಡೆ ತಿರುಗಿದ ಒಂದು ಬಾಣ.

"ಇದೇನಕ್ಕಾ?"

ಹೇಳದೆ ಇರಬಹುದಿತ್ತು. ಯಾವುದೋ ಹಾಳು ಪ್ರೋಗ್ರಾಮು, ಯಾರು ಹಾಕಿದರೋ ಅನ್ನಬಹುದಿತ್ತು. ಯಾರ ಮೇಲಾದರೂ ಹಾಕಬಹುದಿತ್ತು, ಅದರಲ್ಲಿ ಅವಳದು ಪಳಗಿದ ಕೈ. ಅವಳು ಹೇಳಿದಳು. ಯಜಮಾನರು ಬೇಡವೆಂದ ಪ್ರತಿ, ಅಂಗಡಿಯವನ ಬಾಣ, ಸಂಜೆ ಸಂಜೆ ಅವನ ಹಾಳೆ ಪಕ್ಕಕ್ಕಿಟ್ಟು ಹೋಲಿಸುತ್ತಿದ್ದದ್ದು, ಒಂದನ್ನೂ ಮುಚ್ಚಿಡಲಿಲ್ಲ.

"ಹೋಲಿಸಿ ಆದ್ಮೇಲೆ ಹೇಗೆ ಮುಚ್ತಿದ್ರಿ? ಮಾಡಿ ತೋರಿಸಿ."

ಅವಳು ಒಂದು ನಕ್ಷೆ ತೆರೆದಳು, ಹಿಗ್ಗಿಸಿದಳು, ಕುಗ್ಗಿಸಿದಳು, ಮುಚ್ಚಿದಳು. ಉಳಿಸಬೇಕೇ ಅಂತ ಒಂದು ಚೌಕ ಬಂತು. ಅವಳ ಬೆರಳು ಯೋಚನೆಯೇ ಇಲ್ಲದೆ ಹೌದು ಒತ್ತಿತು. ಕಳೆದುಹೋದರೆ ಕಷ್ಟ, ಉಳಿಸಿದರೆ ನಷ್ಟವೇನು ಅನ್ನುವುದು ಆ ಬೆರಳಿನ ಅಭ್ಯಾಸ.

ಗೆರೆರಾಯ ಕುರ್ಚಿಯ ಮೇಲೆ ಕುಸಿದು ಕೂತ. "ಅಷ್ಟೇ ಅಕ್ಕಾ. ನಾನು ಮಧ್ಯಾಹ್ನ ಸರ್ವರಲ್ಲಿ ತಿದ್ತೀನಿ. ನಿಮ್ಮ ಹತ್ರ ಇರೋದು ಬೆಳಿಗ್ಗೆ ಬಂದ ಹಳೇದು. ಸಂಜೆ ಅದನ್ನ ತೆರೆದು ಉಳಿಸ್ತೀರಿ. ತಾರೀಖಿನ ಪ್ರಕಾರ ನಿಮ್ಮ ಹಳೇದೇ ಹೊಸದಾಯ್ತು. ಬೆಳಿಗ್ಗೆ ಈ ಬಾಣ ಅದನ್ನ ಹೊತ್ಕೊಂಡು ಹೋಗಿ ನನ್ನದರ ಮೇಲೆ ಹಾಕುತ್ತೆ. ನಾನು ಏನು ತಿದ್ದಿದ್ದೀನಿ ಅಂತ ನೀವು ಯಾವ್ಯಾವ ನಕ್ಷೆ ನೋಡಿದ್ರೋ, ಅವೇ ಕೆಟ್ಟಿವೆ."

ಹುಚ್ಚು ಹಿಡಿದಿಲ್ಲ ಅನ್ನುವುದೊಂದು ಸಮಾಧಾನ. ಅದರ ಬೆನ್ನಿಗೇ ನಾಚಿಕೆ. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಕೂತಳು. ಅವನು ಅಳಬೇಡಿ ಅನ್ನಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ತನ್ನ ಮೇಜಿಗೆ ವಾಪಸು ಹೋಗಿ ಅಂಗಡಿಯ ಶಟರನ್ನು ಮತ್ತೆ ತಿದ್ದಲು ಶುರುಮಾಡಿದ.

ಯಜಮಾನರು ಬಂದ ಕೂಡಲೇ ಅವಳೇ ಹೋಗಿ ಹೇಳಿದಳು. ಅವರು ಕೂಗಾಡಿದರು, ಅವಳಿಗೆ ಅದೇ ಹಿತವೆನಿಸಿತು. ಮೇಷ್ಟ್ರನ್ನು ಕರೆಸಿ ಅವಳ ತಿದ್ದುವ ಹಕ್ಕನ್ನು ತೆಗೆಸಿದರು. ಇನ್ನು ಅವಳು ನಕ್ಷೆಗಳನ್ನು ನೋಡಬಹುದು, ಮುಟ್ಟುವಂತಿಲ್ಲ. ಮೇಷ್ಟ್ರು ಆ ಬಾಣದ ಪ್ರೋಗ್ರಾಮನ್ನು ಕಿತ್ತುಹಾಕುತ್ತ, "ನಂಗೂ ಒಂದು ತಪ್ಪಿದೆ ಸಾರ್" ಅಂದ. "ಹಳೇ ಪ್ರತಿಗಳು ಉಳಿಯೋ ಹಾಗೆ ನಾನು ಮೊದಲೇ ಮಾಡಿಡ್ಬೇಕಿತ್ತು. ಮಾಡಿದ್ರೆ ಅಕ್ಕ ಗುಟ್ಟಾಗಿ ಇಟ್ಕೊಳ್ಳೋ ಪ್ರಮೇಯ ಬರ್ತಿರಲಿಲ್ಲ."

"ಮಾಡಿದ್ರೂ ಇಟ್ಕೋತಿದ್ದೆ" ಅಂದಳು ಚಿಲಕದಕ್ಕ. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. "ನಿಮ್ಮನ್ನ ಅಂದಿದ್ದು ತಪ್ಪಾಯ್ತು ಮೇಷ್ಟ್ರೇ. ಆದ್ರೆ ಆ ಎರಡನೇ ಕೀಲಿ ನಿಮ್ಮ ಹತ್ರ ಇರೋದು ನಂಗೆ ಈಗಲೂ ಸರಿ ಕಾಣ್ತಿಲ್ಲ." ಯಜಮಾನರು ಹಣೆ ಚಚ್ಚಿಕೊಂಡರು. ಮೇಷ್ಟ್ರು ಯೋಚಿಸಿ, ತಾನು ಒಳಗೆ ಬಂದಾಗಲೆಲ್ಲ ಯಜಮಾನರ ಫೋನಿಗೆ ಸಂದೇಶ ಬರುವ ಹಾಗೆ ಮಾಡಿಟ್ಟು ಹೋದ.

ಗಂಡನಿಗೆ ಆ ಸಂಜೆ ಎಲ್ಲ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡು, "ಅಂತೂ ನಾನು ನಿರಪರಾಧಿ" ಅಂದ. ಅಷ್ಟೇ ಅಂದದ್ದು. ಮೊದಲಿನ ತಮಾಷೆಗಳು ಮರಳಿ ಬರಲು ತಿಂಗಳುಗಳೇ ಹಿಡಿದವು.

ಉಳಿದದ್ದು ಗೆರೆರಾಯ. ಯಜಮಾನರು ಅವನ ಬೆನ್ನು ತಟ್ಟಿದ್ದರು, ಕಚೇರಿಯಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ಆದರೆ ಆಸ್ಪತ್ರೆಯ ಕೆಲಸದ ಜಾಗದಲ್ಲಿ ಮೇಸ್ತ್ರಿಯಿಂದ ಹಿಡಿದು ಗಾರೆ ಕಲಸುವವರವರೆಗೆ ಎಲ್ಲರಿಗೂ ಅವನು ತಲೆ ಒಡೆಯುವ ಮೆಟ್ಟಿಲು ಹಾಕಿದವನೇ. ಅಲ್ಲಿಗೆ ಹೋಗಬೇಕಾದಾಗಲೆಲ್ಲ ಅವನು ಏನೋ ನೆಪ ಹೇಳಿ ಬೇರೆಯವರನ್ನು ಕಳಿಸುತ್ತಿದ್ದುದನ್ನು ಚಿಲಕದಕ್ಕ ಗಮನಿಸಿದಳು. ಗಮನಿಸುವುದು ಅವಳಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಒಂದು ಮಧ್ಯಾಹ್ನ ಅವಳು ಅವನ ಮೇಜಿನ ಮುಂದೆ ನಿಂತಳು. "ಆಸ್ಪತ್ರೆ ಕಡೆ ಹೋಗ್ಬರೋಣ, ಏಳು."

"ನಂಗೆ ಕೆಲಸ ಇದೆ."

"ನಿನ್ನ ಕೆಲಸಕ್ಕೇ."

ಸೆಂಟ್ರಿಂಗ್ ಬಿಚ್ಚಿ ಹೊಸ ಜಾಗದಲ್ಲಿ ಮೆಟ್ಟಿಲು ಕಟ್ಟಿ ಆಗಿತ್ತು. ಅವಳು ಜಲ್ಲಿಯ ರಾಶಿಯ ಪಕ್ಕ ನಿಂತು, ಮೇಸ್ತ್ರಿಯನ್ನೂ ಕೆಲಸದವರನ್ನೂ ಕರೆದಳು. "ಆವತ್ತಿನ ನಕ್ಷೆ ಕೆಟ್ಟಿದ್ದು ಇವನಿಂದ ಅಲ್ಲ. ಇವನು ಸರಿಯಾಗೇ ತಿದ್ದಿದ್ದ. ಹಳೇದನ್ನ ಅದರ ಮೇಲೆ ತಂದು ಹಾಕಿದ್ದು ನಾನು. ಬೇಕಂತ ಅಲ್ಲ. ಇವನ ಮೇಲೆ ಅನುಮಾನ ಪಟ್ಟು, ಕದ್ದು ಕದ್ದು ನೋಡೋಕೆ ಹೋಗಿ ಹಾಗಾಯ್ತು."

ಮೇಸ್ತ್ರಿ ತಲೆಯ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇದನ್ನ ಹೇಳೋಕೆ ಬಸ್ ಹತ್ಕೊಂಡು ಬಂದ್ರಾ? ಯಾರು ಕಳಿಸಿದ್ದು ನಿಮ್ಮನ್ನ?"

"ಯಾರೂ ಇಲ್ಲ."

"ನಂಬೋ ಹಾಗಿಲ್ವಲ್ಲ" ಅಂದ ಮೇಸ್ತ್ರಿ. ಸುತ್ತ ನಿಂತವರು ನಕ್ಕರು. ಗೆರೆರಾಯನ ತುಟಿಯೂ ಸ್ವಲ್ಪ ಅಲುಗಿತು.

ಮೇಸ್ತ್ರಿ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋಗಿ ಮೆಟ್ಟಿಲು ತೋರಿಸಿದ. "ಹತ್ತಿ ನೋಡಿ ಅಮ್ಮ. ಈಗ ತಲೆ ತಾಗಲ್ಲ."

ಅವಳು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತಳು. ಸಿಮೆಂಟು ಒಣಗಿದೆಯೇ, ಕೆಳಗೆ ಆಧಾರವಿದೆಯೇ, ಮೇಲಿನ ತೊಲೆ ನಿಜಕ್ಕೂ ದೂರವಿದೆಯೇ ಅಂತ ಒಂದೊಂದಾಗಿ ನೋಡಿದಳು.

"ಅಳತೆ ನಾನೇ ಹಾಕಿದ್ದು ಅಕ್ಕಾ" ಅಂದ ಗೆರೆರಾಯ ಹಿಂದಿನಿಂದ.

ಅವಳು ತೊಲೆಯ ಕಡೆ ಇನ್ನೊಂದು ಸಲ ನೋಡಿದಳು. ಆಮೇಲೆ ಸೀರೆಯ ನಿರಿಗೆ ಎತ್ತಿ ಹಿಡಿದು, ತಲೆ ಬಗ್ಗಿಸದೆ ಹತ್ತಿದಳು.